ವಿಶಾಖಪಟ್ಟಣ ಮತ್ತು ಅರಕು: ನಾಲ್ಕು ದಿನಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ (ಬೀದರ್‌ನಿಂದ)

ಎಲ್ಲರಿಗೂ ಶರಣು. ನಾನು ಬೀದರ್‌ನ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಮನೆಯವರೊಂದಿಗೆ ವಿಶಾಖಪಟ್ಟಣಕ್ಕೆ ಹೋಗಿಬರಬೇಕೆಂದಿದ್ದೇನೆ. ಜೊತೆಯಲ್ಲಿ ಹೆಂಡತಿ, 12 ಮತ್ತು 7 ವರ್ಷದ ಇಬ್ಬರು ಮಕ್ಕಳು ಹಾಗೂ 68 ವರ್ಷದ ಅವ್ವ ಇರುತ್ತಾರೆ. ಅವ್ವನಿಗೆ ಮೊಣಕಾಲು ನೋವಿದೆ. ಸಮತಟ್ಟಾದ ನೆಲದಲ್ಲಿ ನಮಗಿಂತ ಮುಂದೆಯೇ ನಡೆಯುತ್ತಾರೆ, ಮೆಟ್ಟಿಲು ಬಂದರೆ ಮಾತ್ರ ನಿಂತುಬಿಡುತ್ತಾರೆ. ಮಕ್ಕಳು ಇದುವರೆಗೆ ಸಮುದ್ರ ಕಂಡವರಲ್ಲ.

ಕೇಳಿದವರೆಲ್ಲ ಒಂದೊಂದು ಪಟ್ಟಿ ಕೊಟ್ಟಿದ್ದಾರೆ: ಕೈಲಾಸಗಿರಿ, ಋಷಿಕೊಂಡ, ಯಾರಾಡ, ಸಿಂಹಾಚಲ, ಭೀಮಿಲಿ, ಬೊರ್ರಾ ಗುಹೆ, ಅರಕು, ಲಂಬಸಿಂಗಿ. ಇಷ್ಟನ್ನೂ ನಾಲ್ಕು ದಿನದಲ್ಲಿ ಮುಗಿಸಲು ಹೊರಟರೆ ಊರಿಗಿಂತ ಗಾಡಿಯ ಸೀಟನ್ನೇ ಹೆಚ್ಚು ನೋಡಿ ಬಂದಂತಾದೀತು ಎಂಬ ಅಂಜಿಕೆ ನನಗಿದೆ. ಅಂಗಡಿ, ಮಾಲ್ ನಮಗೆ ಬೇಕಿಲ್ಲ. ಗುಡ್ಡ, ಕಾಡು, ಕಡಲು ಸಾಕು. ಬೆಟ್ಟದ ಮೇಲಿನ ಅರಕುವಿಗೆ ಬೆಳಗ್ಗೆ ಹೋಗಿ ರಾತ್ರಿ ಮರಳಬಹುದೇ, ಅಲ್ಲಿಯೇ ಉಳಿಯಬೇಕೇ? ಮಕ್ಕಳನ್ನು ಎಲ್ಲಿ ನೀರಿಗೆ ಇಳಿಸಬಹುದು? ಅವ್ವನಿಗೆ ಯಾವುದು ಆಗದು? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (ಕಲಬುರಗಿಯಿಂದ)

ಶರಣು ಸರ್. ಸ್ಥಳಗಳ ಮಾತಿಗೆ ಮೊದಲು ದಿನಾಂಕದ ಮಾತು. ಸಂಕ್ರಾಂತಿಗೆ ಹೋಗಬೇಡಿ. ಆಂಧ್ರದವರಿಗೆ ಅದು ವರ್ಷದ ದೊಡ್ಡ ಹಬ್ಬ. ಹೈದರಾಬಾದ್‌ನಲ್ಲಿ ದುಡಿಯುವ ಅರ್ಧ ಊರೇ ಆ ವಾರ ಕರಾವಳಿಯ ಕಡೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ. ದಸರಾ ರಜೆಯಲ್ಲಿ ಹೋಗೋಣವೆಂದರೆ ಅಕ್ಟೋಬರ್ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಆ ನಗರಕ್ಕೇ ನೇರವಾಗಿ ಅಪ್ಪಳಿಸಿ ಗುಡ್ಡಗಳ ಮೇಲಿನ ಮರಗಳನ್ನು ಬುಡಮೇಲು ಮಾಡಿತ್ತು. ನಿಮಗೆ ಎರಡು ದಿನ ರಜೆ ಹಾಕಲು ಸಾಧ್ಯವಿದ್ದರೆ ಜನವರಿ ಕೊನೆಯ ವಾರ ಎಲ್ಲಕ್ಕಿಂತ ಒಳ್ಳೆಯದು.

ನಾವು ಕಲಬುರಗಿಯವರು ಕೋನಾರ್ಕ್ ಎಕ್ಸ್‌ಪ್ರೆಸ್ ಹತ್ತಿದರೆ ನೇರವಾಗಿ ವಿಶಾಖಪಟ್ಟಣದಲ್ಲಿಯೇ ಇಳಿಯುತ್ತೇವೆ. ನೀವು ಅದಕ್ಕಾಗಿ ಕಲಬುರಗಿಗೆ ಬರುವುದು ಸುತ್ತು. ಬೀದರ್‌ನಿಂದ ಹೈದರಾಬಾದ್‌ಗೆ ಹೋಗಿ ಸಂಜೆಯ ಗೋದಾವರಿ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಮಲಗಿ ಬೆಳಗಿನ ಜಾವ ಇಳಿಯಬಹುದು. ಸಿಕಂದರಾಬಾದ್‌ನಿಂದ 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲೂ ಇದೆ. ಆದರೆ ಅದರಲ್ಲಿ ಕುಳಿತೇ ಹೋಗಬೇಕು, ತಾಯಿಯವರಿಗೆ ಮಲಗುವ ರೈಲೇ ಹಿತ.

ಅರಕುವಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಒಂದು ರಾತ್ರಿ ಅಲ್ಲಿ ಉಳಿಯಲೇಬೇಕು. ಮೊದಲ ಸಲ ನಾವು ಪ್ರವಾಸ ಏರ್ಪಡಿಸುವ ಸಂಸ್ಥೆಯೊಂದರ ಒಂದು ದಿನದ ಪ್ಯಾಕೇಜ್ ಕೊಂಡು ಹೋಗಿದ್ದೆವು. ಬೆಳಗ್ಗೆ ಐದಕ್ಕೆ ಬಸ್ಸು ಹತ್ತಿಸಿದವರು ರಾತ್ರಿ ಹನ್ನೊಂದಕ್ಕೆ ಇಳಿಸಿದರು. ಬೊರ್ರಾ ಗುಹೆಗೆ ಕೊಟ್ಟದ್ದು ಅರ್ಧ ಗಂಟೆ. ಊಟ ಅವರು ಮೊದಲೇ ಗೊತ್ತುಮಾಡಿದ್ದ ಹೋಟೆಲಿನಲ್ಲಿ, ಊಟದ ಬಳಿಕ ಅದರ ಪಕ್ಕದ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ನಮ್ಮ ಹುಡುಗರಿಗೆ ಇಂದಿಗೂ ಅರಕು ಎಂದರೆ ಬಸ್ಸಿನ ಪರದೆಯೇ ನೆನಪು.

ಎರಡನೆಯ ಸಲ ನಾವೇ ಹೋದೆವು: ಹೋಗುವಾಗ ರೈಲು, ಬರುವಾಗ ರಸ್ತೆ. ವಿಶಾಖಪಟ್ಟಣದಿಂದ ಬೆಳಗ್ಗೆಯೇ ಹೊರಡುವ ಕಿರಂಡೂಲ್ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ಅರಕು ಮುಟ್ಟಿಸುತ್ತದೆ. ಈ ಮಾರ್ಗವನ್ನು 1960ರ ದಶಕದಲ್ಲಿ ಹಾಕಿದ್ದು ಪ್ರವಾಸಿಗರಿಗಾಗಿ ಅಲ್ಲ. ಛತ್ತೀಸ್‌ಗಢದ ಬೈಲಾಡಿಲ ಗಣಿಗಳ ಕಬ್ಬಿಣದ ಅದಿರನ್ನು ಬಂದರಿಗೆ ಇಳಿಸುವುದಕ್ಕಾಗಿ. ಆದ್ದರಿಂದಲೇ ಅದು ಗುಡ್ಡವನ್ನು ಬಳಸಿಕೊಂಡು ನಿಧಾನವಾಗಿ ಏರುತ್ತದೆ, ಅರಕುವಿನವರೆಗೆ 58 ಸುರಂಗಗಳನ್ನು ಹೊಕ್ಕು ಹೊರಬರುತ್ತದೆ. ನಮ್ಮ ಮಗಳು ಒಂದೊಂದು ಸುರಂಗ ಬಂದಾಗಲೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಳು. ಕತ್ತಲಲ್ಲಿ ಎಳೆದ ಗೆರೆಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪಿತು, ಅದಕ್ಕಾಗಿ ಅಣ್ಣನೊಡನೆ ಜಗಳವೂ ಆಯಿತು. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗೆ ಟಿಕೆಟ್ ಸಿಕ್ಕರೆ ಒಳ್ಳೆಯದು, ಆದರೆ ಅದು ಬೇಗ ತುಂಬುತ್ತದೆ. ಸಿಗದಿದ್ದರೆ ಬೇಸರ ಬೇಡ, ಸಾಮಾನ್ಯ ಬೋಗಿಯ ಕಿಟಕಿಯಿಂದ ಗಾಳಿಯೂ ಬರುತ್ತದೆ.

ಮರುದಿನ ಬಾಡಿಗೆ ಕಾರಿನಲ್ಲಿ ಇಳಿಯಿರಿ. ಅನಂತಗಿರಿಯ ಕಾಫಿ ತೋಟಗಳು, ಗಾಲಿಕೊಂಡದ ನೋಟ, ಬೊರ್ರಾ ಎಲ್ಲವೂ ದಾರಿಯಲ್ಲಿಯೇ ಸಿಗುತ್ತವೆ. ಬೆಟ್ಟದ ಬುಡಕಟ್ಟು ರೈತರು ಬೆಳೆಯುವ ಅರಕು ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಡಿಸೆಂಬರ್‌ನೊಳಗೆ ಹೋದವರಿಗೆ ಇನ್ನೊಂದು ಲಾಭವಿತ್ತು: ನಾವು ಚಟ್ನಿಗೆ ಕುಟ್ಟುವ ಗುರೆಳ್ಳನ್ನು ಅಲ್ಲಿ ಇಳಿಜಾರಿನ ತುಂಬ ಬಿತ್ತುತ್ತಾರೆ, ಅದು ಹೂ ಬಿಟ್ಟಾಗ ಕಣಿವೆಯೇ ಹಳದಿಯಾಗುತ್ತದೆ. ಜನವರಿ ಕೊನೆಗೆ ಅದು ಮುಗಿದಿರುತ್ತದೆ. ಚಳಿ ಮಾತ್ರ ಇರುತ್ತದೆ. ಅರಕು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೀದರ್‌ನ ಚಳಿಗಾಲ ಕಂಡವರಿಗೆ ಅಂಜಿಕೆ ಬೇಕಿಲ್ಲವಾದರೂ ತಾಯಿಯವರಿಗೆ ಶಾಲು, ಕಾಲುಚೀಲ ಇರಲಿ. ಲಂಬಸಿಂಗಿಯನ್ನು ಪಟ್ಟಿಯಿಂದ ತೆಗೆದುಹಾಕಿ; ಅದು ಬೇರೆಯೇ ದಿಕ್ಕು, ಬೆಳಗಿನ ಮಂಜು ನೋಡುವುದಕ್ಕಾಗಿ ರಾತ್ರಿಯೆಲ್ಲ ನಿದ್ದೆಗೆಡಬೇಕು.

ಉತ್ತರ 2 (ಯಾದಗಿರಿಯಿಂದ)

ಸರ್, ನಾನು ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮೊಣಕಾಲಿನದೇ ತೊಂದರೆ. ಮೇಲಿನ ಕಲಬುರಗಿಯ ಅಣ್ಣಾವರು ಬರೆದದ್ದಕ್ಕೆ ನನ್ನ ಒಪ್ಪಿಗೆಯಿದೆ, ಬೊರ್ರಾ ಒಂದನ್ನು ಬಿಟ್ಟು. ಆ ಸುಣ್ಣಕಲ್ಲಿನ ಗುಹೆಯ ಬಾಯಿ ದೊಡ್ಡದು, ಒಳಗೆ ಬಣ್ಣದ ದೀಪಗಳಿವೆ. ಛಾವಣಿಯಿಂದ ಇಳಿಬಿದ್ದ ಕಲ್ಲುಗಳೂ ನೆಲದಿಂದ ಮೇಲೆದ್ದ ಕಲ್ಲುಗಳೂ ಮಕ್ಕಳ ಬಾಯಿ ಕಟ್ಟುತ್ತವೆ, ಅದೆಲ್ಲ ನಿಜ. ಆದರೆ ಸಾಕಷ್ಟು ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಹತ್ತಬೇಕು, ನೀರು ಒಸರಿ ಮೆಟ್ಟಿಲು ಜಾರುತ್ತದೆ. ನಮ್ಮ ಅತ್ತೆಯವರು ಹತ್ತು ಹದಿನೈದು ಮೆಟ್ಟಿಲು ಇಳಿದು, ಕಂಬಿ ಹಿಡಿದು ನಿಂತು, "ನೀವು ಹೋಗಿ ಬರ್ರಿ, ನಾ ಇಲ್ಲೇ ಮಹಾದೇವನ ನೆನಸ್ತೀನಿ" ಅಂದರು. ಆದ್ದರಿಂದ ನೀವು ಮತ್ತು ನಿಮ್ಮ ಮನೆಯವರು ಸರದಿಯಲ್ಲಿ ಒಳಗೆ ಹೋಗಿಬನ್ನಿ. ಅವ್ವನವರ ಜೊತೆ ಒಬ್ಬರು ಹೊರಗಿರಲಿ. ಅಲ್ಲಿ ಮಂಗಗಳ ಕಾಟವಿದೆ, ಕೈಯಲ್ಲಿ ತಿಂಡಿಯ ಚೀಲ ಹಿಡಿದು ಕೂರಬಾರದು.

ಕಡಲ ದಂಡೆಯಲ್ಲಿ ಇಟ್ಟಿರುವ ಕುರುಸುರ ಜಲಾಂತರ್ಗಾಮಿಗೂ ಇದೇ ಮಾತು. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದ ಹಡಗನ್ನು ಮರಳಿನ ಮೇಲಕ್ಕೆ ಎಳೆದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಆ ನಗರದಲ್ಲಿ ಇಲ್ಲವೆಂದೇ ನನ್ನ ಎಣಿಕೆ. ಆದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಲು ದುಂಡನೆಯ ಕಿಂಡಿಯಲ್ಲಿ ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಇನ್ನೊಂದು ಕಾಲು ತೂರಿಸಬೇಕು. ಸೀರೆ ಉಟ್ಟ ನನಗೇ ಕಷ್ಟವಾಯಿತು. ಹಿರಿಯರು ಹೊರಗೆ ದಂಡೆಯ ಮೇಲೆ ಕೂತು ಗಾಳಿ ಕುಡಿಯುವುದೇ ಸರಿ. ಕೈಲಾಸಗಿರಿಗೆ ಮಾತ್ರ ಯೋಚನೆಯಿಲ್ಲದೆ ಕರೆದೊಯ್ಯಿರಿ. ರೋಪ್‌ವೇ ಇದೆ, ವಾಹನವೂ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಕಡಲ ದಂಡೆ ಬಾಗಿಕೊಂಡು ಹೋಗುವುದು ಉದ್ದಕ್ಕೂ ಕಾಣುತ್ತದೆ.

ಈಗ ನೀರಿನ ವಿಷಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ಊರ ನಡುವಿನ ರಾಮಕೃಷ್ಣ ಬೀಚ್, ಯಾರಾಡ ಎರಡರಲ್ಲಿಯೂ ಮಕ್ಕಳನ್ನು ಇಳಿಸಬೇಡಿ. ನಮ್ಮ ಕಡೆಯವರು ಹೊಳೆ, ಕೆರೆ ಕಂಡವರು. ನೀರು ಮುಂದಕ್ಕೆ ತಳ್ಳುವುದು ನಮಗೆ ಗೊತ್ತು, ಹಿಂದಕ್ಕೆ ಸೆಳೆಯುವುದು ಗೊತ್ತಿಲ್ಲ. ಅಲ್ಲಿ ಅಲೆ ಮರಳುವಾಗ ಪಾದದ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಹಿಮ್ಮಡಿಯ ಕೆಳಗೆ ಗುಂಡಿ ಬಿದ್ದು ನಿಂತ ನಿಲುವಿನಲ್ಲಿಯೇ ಮನುಷ್ಯ ವಾಲುತ್ತಾನೆ. ಪಾದ ತೋಯಿಸಬೇಕೆಂದರೆ ಋಷಿಕೊಂಡಕ್ಕೆ ಹೋಗಿ. ಶುಚಿಯಾದ, ಸುರಕ್ಷಿತ ಕಿನಾರೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಜಾಗ ಅದು. ಜೀವರಕ್ಷಕರಿರುತ್ತಾರೆ, ಬಟ್ಟೆ ಬದಲಿಸಲು ಕೋಣೆಗಳಿವೆ. ಅಲ್ಲಿಯೂ 7 ವರ್ಷದ ಮಗುವಿನ ಕೈ ಬಿಡಬಾರದು.

ಇನ್ನೊಂದು ಮಾತು. ಗೋಕರ್ಣ, ಗೋವಾ ಕಂಡವರು ಸಂಜೆ ಕಡಲಿಗೆ ಹೋಗಿ ಸೂರ್ಯಾಸ್ತಕ್ಕೆ ಕಾಯುತ್ತಾರೆ. ಇದು ಪೂರ್ವದ ಕಡಲು. ಸೂರ್ಯ ನೀರಿನಿಂದ ಏಳುತ್ತಾನೆ, ಬೆನ್ನ ಹಿಂದಿನ ಗುಡ್ಡದಲ್ಲಿ ಮುಳುಗುತ್ತಾನೆ. ಬೆಳಗ್ಗೆ ಆರಕ್ಕೆ ಮೊದಲೇ ದಂಡೆಯಲ್ಲಿರಿ. ಊಟಕ್ಕೆ ಅನ್ನ, ಪಪ್ಪು, ಖಾರದ ಪಚ್ಚಡಿ ಸಿಗುತ್ತದೆ, ಜೋಳದ ರೊಟ್ಟಿ ಸಿಗುವುದಿಲ್ಲ; ಅವ್ವನವರಿಗಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ನಾವು ಒಯ್ದದ್ದು ಎರಡೇ ದಿನದಲ್ಲಿ ಮುಗಿದು, ಮೂರನೆಯ ದಿನ ಅತ್ತೆಯವರ ಮುಖ ನೋಡುವಂತಿರಲಿಲ್ಲ.

ಉತ್ತರ 3 (ಚಿತ್ತಾಪುರ ತಾಲ್ಲೂಕಿನಿಂದ)

ಎಲ್ಲರೂ ಕಡಲು ಮತ್ತು ಅರಕು ಹೇಳಿದರು. ನಡುವಿನ ಗುಡ್ಡಗಳನ್ನು ಯಾರೂ ಹೇಳಲಿಲ್ಲ. ಋಷಿಕೊಂಡ ದಾಟಿ ಭೀಮಿಲಿಯ ಕಡೆಗೆ ಕಡಲ ರಸ್ತೆಯಲ್ಲಿ ಹೋದರೆ ತೊಟ್ಲಕೊಂಡ ಸಿಗುತ್ತದೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಆ ಹೆಸರು. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ವಿಹಾರದ ಅಡಿಪಾಯಗಳು, ಸ್ತೂಪದ ದುಂಡು ಕಟ್ಟೆ, ಭಿಕ್ಷುಗಳ ಕೋಣೆಗಳ ಸಾಲು ಅಲ್ಲಿವೆ; ಕೆಳಗೆ ನೀಲಿ ಕಡಲು. ವಾಹನ ಬಹುತೇಕ ಮೇಲಿನವರೆಗೆ ಹೋಗುವುದರಿಂದ ತಾಯಿಯವರಿಗೂ ತೊಂದರೆಯಿಲ್ಲ, ನೆರಳು ಮಾತ್ರ ಕಡಿಮೆ. ನಾನು ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯ ಸ್ತೂಪದ ಬಳಿ ಬೆಳೆದವನು. "ರಾಯೋ ಅಸೋಕೋ" ಎಂದು ಬರೆದ ಅಶೋಕನ ಶಿಲ್ಪ ದೊರೆತದ್ದು ನಮ್ಮ ಕನಗನಹಳ್ಳಿಯಲ್ಲಿ. ಅಲ್ಲಿ ಸುಣ್ಣಕಲ್ಲಿನ ಕೆತ್ತನೆಯೇ ಸಿರಿ. ತೊಟ್ಲಕೊಂಡದಲ್ಲಿ ಕೆತ್ತನೆ ಹೆಚ್ಚಿಲ್ಲ, ಜಾಗವೇ ಸಿರಿ. ನಿಮ್ಮ ದೊಡ್ಡ ಮಗುವಿಗೆ ಇತಿಹಾಸದ ಒಲವಿದ್ದರೆ ಹೋಗುವ ಮೊದಲು ಸನ್ನತಿಯನ್ನೂ ಒಮ್ಮೆ ತೋರಿಸಿ.

ಅದೇ ರಸ್ತೆಯಲ್ಲಿ ಮುಂದೆ ಎರ್ರ ಮಟ್ಟಿ ದಿಬ್ಬಗಳಿವೆ. ಬೀದರ್ ಕೋಟೆಯ ಜಂಬಿಟ್ಟಿಗೆ ನೋಡಿ ಬೆಳೆದ ನಿಮಗೆ ಕೆಂಪು ಬಣ್ಣ ಹೊಸದಲ್ಲ. ಆದರೆ ಇದು ಕಲ್ಲಲ್ಲ, ಮರಳು, ಬೆರಳಿನಿಂದ ಗೀರಿದರೆ ಉದುರುತ್ತದೆ. ಮಳೆನೀರು ಕೊರೆದ ಓಣಿಗಳಲ್ಲಿ ಮಕ್ಕಳು ಅಡ್ಡಾಡಬಹುದು, ಗೋಡೆ ಹತ್ತಬಾರದು. ಅಲ್ಲಿಂದ ಭೀಮಿಲಿ ಹತ್ತಿರ. ಡಚ್ಚರ ಹಳೆಯ ಸಮಾಧಿಗಳಿಗಿಂತ ನನಗೆ ಹಿಡಿಸಿದ್ದು ಗೋಸ್ತನಿ ನದಿ ಕಡಲು ಸೇರುವ ಜಾಗ. ಬೊರ್ರಾ ಗುಹೆಯ ಬಳಿ ಗುಡ್ಡದಲ್ಲಿ ಹರಿಯುವ ನದಿಯೇ ಅದು. ಮೇಲೆ ಒಂದು ದಿನ, ಕೆಳಗೆ ಒಂದು ದಿನ ಅದನ್ನು ತೋರಿಸಿದರೆ ಮಕ್ಕಳಿಗೆ ಆ ಸೀಮೆಯ ನಕ್ಷೆ ತಾನಾಗಿಯೇ ತಿಳಿಯುತ್ತದೆ.

ಸಿಂಹಾಚಲವನ್ನು ಬಿಡಬೇಡಿ. ಅಲ್ಲಿಯ ನರಸಿಂಹನ ಮೂರ್ತಿ ವರ್ಷವೆಲ್ಲ ಚಂದನದ ಲೇಪದಲ್ಲಿ ಮುಚ್ಚಿರುತ್ತದೆ, ನಿಜರೂಪ ಕಾಣುವುದು ಅಕ್ಷಯ ತೃತೀಯದ ದಿನ ಮಾತ್ರ. ಕಳಿಂಗ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯ 1516ರಲ್ಲಿ ಮತ್ತು 1519ರಲ್ಲಿ ಇಲ್ಲಿಗೆ ಬಂದಿದ್ದನೆಂದು ಅಲ್ಲಿಯ ಶಾಸನಗಳು ಹೇಳುತ್ತವೆ.

ಪ್ರಶ್ನೆ ಕೇಳಿದವರು (ಬೀದರ್‌ನಿಂದ)

ಮೂವರಿಗೂ ಶರಣು. ಸಂಕ್ರಾಂತಿ ಕೈಬಿಟ್ಟು ಜನವರಿ ಕೊನೆಗೆ ರಜೆ ಹಾಕಿದ್ದೇನೆ. ಹೀಗೆ ಯೋಚಿಸಿದ್ದೇನೆ: ಶುಕ್ರವಾರ ಬೆಳಗ್ಗೆ ತಲುಪಿ ವಿಶ್ರಾಂತಿ, ಮಧ್ಯಾಹ್ನದ ನಂತರ ಋಷಿಕೊಂಡ, ಶನಿವಾರ ರೈಲಿನಲ್ಲಿ ಅರಕು, ಭಾನುವಾರ ರಸ್ತೆಯಲ್ಲಿ ಬೊರ್ರಾ ನೋಡಿ ವಾಪಸ್, ಸೋಮವಾರ ಬೆಳಗ್ಗೆ ಕುರುಸುರ, ಆಮೇಲೆ ತೊಟ್ಲಕೊಂಡ, ಭೀಮಿಲಿ, ಸಂಜೆ ರೈಲು. ಯಾರಾಡ, ಲಂಬಸಿಂಗಿ ಬಿಟ್ಟೆ. ಸಿಂಹಾಚಲ ಎಲ್ಲಿ ಸೇರಿಸಲಿ ಎಂದು ತಿಳಿಯುತ್ತಿಲ್ಲ. ಅವ್ವ ಅದನ್ನು ಬಿಡಲು ಒಪ್ಪುವುದಿಲ್ಲ.

ಉತ್ತರ 2 (ಯಾದಗಿರಿಯಿಂದ)

ಸರ್, ಸೋಮವಾರ ಕುರುಸುರಕ್ಕೆ ರಜೆ. ಅದನ್ನು ಶುಕ್ರವಾರ ಮಧ್ಯಾಹ್ನಕ್ಕೆ ತನ್ನಿ, ಕೈಲಾಸಗಿರಿಯನ್ನೂ ಅಂದೇ ಸೇರಿಸಿ. ಋಷಿಕೊಂಡವನ್ನು ಸೋಮವಾರ ಬೆಳಗ್ಗೆಗೆ ಇಡಿ. ಅದು ಹೇಗಿದ್ದರೂ ತೊಟ್ಲಕೊಂಡಕ್ಕೆ ಹೋಗುವ ದಾರಿಯಲ್ಲಿಯೇ ಇದೆ, ಜನವೂ ಕಡಿಮೆ. ಗೋದಾವರಿ ಎಕ್ಸ್‌ಪ್ರೆಸ್ ಸಂಜೆಯೇ ಹೊರಡುವುದರಿಂದ ಭೀಮಿಲಿಯಿಂದ ಮಧ್ಯಾಹ್ನದೊಳಗೆ ತಿರುಗಿಕೊಳ್ಳಿ. ಸಿಂಹಾಚಲಕ್ಕೆ ಶುಕ್ರವಾರ ಬೆಳಗ್ಗೆ ಸ್ನಾನ ಮುಗಿಸಿ ನೇರವಾಗಿ ಹೋಗಿಬಿಡಿ. ನಗರದಿಂದ ಸುಮಾರು 16 ಕಿ.ಮೀ., ವಾಹನ ಗುಡ್ಡದ ಮೇಲಿನವರೆಗೆ ಹೋಗುತ್ತದೆ. ಅವ್ವನವರ ದರ್ಶನ ಮೊದಲು ಮುಗಿದರೆ ಉಳಿದ ಮೂರು ದಿನ ನೀವು ಹೇಳಿದ ಕಡೆ ಬರುತ್ತಾರೆ. ಅರಕುವಿನ ಕೋಣೆಯನ್ನು ಈಗಲೇ ಕಾಯ್ದಿರಿಸಿ, ಶನಿವಾರ ರಾತ್ರಿ ಅಲ್ಲಿ ಜನ ಹೆಚ್ಚು.