ಪವರ್‌ಪಾಯಿಂಟ್‌ನಲ್ಲಿ ಒಂದೇ ಚೌಕವನ್ನು ನೂರು ಸಲ ಬೇಗ ಕಾಪಿ ಮಾಡೋದು ಹೇಗೆ?

ಪ್ರಶ್ನೆ:
ಒಂದನೇ ತರಗತಿ ಮಕ್ಕಳಿಗೆ 1ರಿಂದ 100ರವರೆಗಿನ ಚಾರ್ಟ್ ಮಾಡುತ್ತಿದ್ದೇನೆ. ಸಾಲಿಗೆ 10 ಚೌಕ, ಅಂಥ 10 ಸಾಲು. ಒಂದು ಚೌಕ ಬರೆದು ಕಾಪಿ, ಪೇಸ್ಟ್ ಮಾಡುತ್ತಾ ಹೋದೆ. ಪೇಸ್ಟ್ ಆಗಿದ್ದು ಪ್ರತಿ ಸಲ ಸ್ವಲ್ಪ ಕೆಳಗೆ, ಬಲಕ್ಕೆ ಬಂದು ಕೂರುತ್ತದೆ. ಒಂದೊಂದನ್ನೂ ಎಳೆದು ಜೋಡಿಸಬೇಕು. ಮೂರನೇ ಸಾಲಿಗೇ ಎಲ್ಲ ಓರೆಯಾಗಿ, ಕೈಯೂ ನೋಯ್ತಾ ಇದೆ. ಬೇರೆ ದಾರಿ ಇದೆಯಾ?

ಉತ್ತರ 1:
ಟೇಬಲ್ ಹಾಕಿಬಿಡಿ, ಸುಲಭ ಅಲ್ವಾ?

ಪ್ರಶ್ನೆ ಕೇಳಿದವರು:
ಟೇಬಲ್ ಆಗಲ್ಲ. ಕ್ಲಿಕ್ ಮಾಡಿದಂತೆ ಒಂದೊಂದೇ ಸಂಖ್ಯೆ ಕಾಣಿಸಬೇಕು. ಟೇಬಲ್‌ಗೆ ಆನಿಮೇಷನ್ ಕೊಟ್ಟರೆ ಇಡೀ ಟೇಬಲ್ ಒಟ್ಟಿಗೇ ಬರುತ್ತದೆ. ಮುಂದಿನ ಸಂಖ್ಯೆ ಯಾವುದು ಅಂತ ಮಕ್ಕಳು ಮೊದಲೇ ಕೂಗಬೇಕು, ಅದೇ ಆಟ.

ಉತ್ತರ 2:
ಹಾಗಾದರೆ ಕಂಟ್ರೋಲ್ ಡಿ (ಕಂಟ್ರೋಲ್ ಕೀ ಹಿಡಿದು ಡಿ ಒತ್ತುವುದು) ಬಳಸಿ. ಚೌಕವನ್ನು ಸೆಲೆಕ್ಟ್ ಮಾಡಿ ಒಂದು ಸಲ ಒತ್ತಿ. ಬಂದ ಕಾಪಿಯನ್ನು ಮೊದಲನೆಯದರ ಪಕ್ಕಕ್ಕೆ ಎಳೆದು, ಬೇಕಾದಷ್ಟು ಜಾಗ ಬಿಟ್ಟು ಕೂರಿಸಿ. ಈಗ ಬೇರೆಲ್ಲೂ ಕ್ಲಿಕ್ ಮಾಡದೆ ಇನ್ನೂ 8 ಸಲ ಕಂಟ್ರೋಲ್ ಡಿ ಒತ್ತಿ. ನೀವು ಬಿಟ್ಟ ಅಂತರವನ್ನೇ ಅದು ನೆನಪಿಟ್ಟುಕೊಂಡು ಸಾಲಾಗಿ ಇಡುತ್ತಾ ಹೋಗುತ್ತದೆ. ನಡುವೆ ಸೆಲೆಕ್ಷನ್ ತಪ್ಪಿದರೆ ಆ ನೆನಪೂ ಹೋಗುತ್ತದೆ, ಅದೊಂದು ಎಚ್ಚರ.

ಆಮೇಲೆ 10 ಚೌಕಗಳನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಕಂಟ್ರೋಲ್ ಡಿ ಒತ್ತಿ, ಹೊಸ ಸಾಲನ್ನು ಮೊದಲ ಸಾಲಿನ ಕೆಳಗೆ ತನ್ನಿ. ಮತ್ತೆ 8 ಸಲ ಒತ್ತಿದರೆ ನೂರೂ ಬಂದವು.

ಶುರು ಮಾಡುವ ಮುಂಚೆಯೇ ಅಕ್ಷರದ ಗಾತ್ರ, ಬಣ್ಣ, ಆನಿಮೇಷನ್ ಎಲ್ಲ ಮೊದಲ ಚೌಕಕ್ಕೇ ಕೊಡಿ. ಕಾಪಿಯ ಜೊತೆ ಆನಿಮೇಷನ್ನೂ ಬರುತ್ತದೆ. ಆದರೆ ಸಾಲನ್ನು ಗ್ರೂಪ್ ಮಾತ್ರ ಮಾಡಬೇಡಿ. ಗ್ರೂಪ್ ಮಾಡಿದ ಕೂಡಲೇ ಒಂದೊಂದು ಚೌಕದ ಆನಿಮೇಷನ್ ಅಳಿಸಿಹೋಗುತ್ತದೆ. ನಾನು ಒಂದು ಸಂಜೆಯ ಕೆಲಸ ಹಾಗೇ ಕಳೆದುಕೊಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಅಗಲವಾದ (ವೈಡ್‌ಸ್ಕ್ರೀನ್) ಸ್ಲೈಡ್‌ನ ಎತ್ತರ 19.05 ಸೆಂ.ಮೀ. ಚೌಕ 1.6 ಸೆಂ.ಮೀ. ಇದ್ದರೆ 10 ಸಾಲು ಆರಾಮಾಗಿ ಹಿಡಿಯುತ್ತವೆ.

ಉತ್ತರ 3:
ಒಂದೆರಡೇ ಕಾಪಿ ಸಾಕಾದರೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಶೇಪ್ ಎಳೆಯಿರಿ. ಕಾಪಿ ನೇರ ಗೆರೆಯಲ್ಲೇ ಬರುತ್ತದೆ.

ಪ್ರಶ್ನೆ ಕೇಳಿದವರು:
ಆಯ್ತು! ಓರೆಯಾದ ಮೂರು ಸಾಲು ಅಳಿಸಿ ಹೊಸದಾಗಿ ಮಾಡಿದೆ. ಚೌಕಗಳೆಲ್ಲ ನೆಟ್ಟಗೆ ಕೂತಿವೆ. ಈಗ ಒಳಗೆ ಸಂಖ್ಯೆ ತುಂಬುತ್ತಿದ್ದೇನೆ, 37ಕ್ಕೆ ಬಂದಿದ್ದೇನೆ.