ತುರ್ತಾಗಿ ಪದ ಬೇಕು: ‘ಕಾರ್ನಿವಲ್’ ಮತ್ತು ‘ಸತ್ತವರ ದಿನ’

ಎಲ್ಲರಿಗೂ ನಮಸ್ಕಾರ.

ಜಗತ್ತಿನ ಹಬ್ಬಗಳ ಬಗ್ಗೆ ಮಕ್ಕಳಿಗಾಗಿ ಒಂದು ಚಿತ್ರ ಪ್ರದರ್ಶನ ಇದೆ. ಫಲಕಗಳ ಅನುವಾದ ನನ್ನದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಜಾಸ್ತಿ ಪಾಲು ಮುಗಿದಿದೆ, ಕೆಲವು ಪದಗಳು ಮಾತ್ರ ಕೈಗೆ ಸಿಗುತ್ತಿಲ್ಲ.

ಮೊದಲನೆಯದು ರಿಯೋ, ವೆನಿಸ್‌ಗಳ ಕಾರ್ನಿವಲ್. ಹಿಂದೆ ಯಾರೋ ಮಾಡಿದ ಅನುವಾದದಲ್ಲಿ ‘ಜಾತ್ರೆ’ ಅಂತಿದೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಆಮೇಲೆ ಮೆಕ್ಸಿಕೋದ ‘ದಿಯಾ ದೆ ಲೋಸ್ ಮುಯೆರ್ತೋಸ್’. ಪದಕ್ಕೆ ಪದ ಇಟ್ಟರೆ ‘ಸತ್ತವರ ದಿನ’. ಹಳೆಯ ಅನುವಾದದಲ್ಲಿ ‘ಪಿತೃಪಕ್ಷ’ ಎಂದಿದೆ! ಥಾಯ್ಲೆಂಡಿನ ಸೊಂಗ್‌ಕ್ರಾನ್‌ಗೆ ‘ಸಂಕ್ರಾಂತಿ’ ಅಂತ ಬರೆಯಬಹುದಾ? ಮುಖ್ಯ ಶೀರ್ಷಿಕೆಗೆ ‘ಜಗತ್ತಿನ ಹಬ್ಬಗಳು’ ಸಾಕಾ, ‘ವಿಶ್ವದ ಉತ್ಸವಗಳು’ ಬೇಕಾ?

ಶೀರ್ಷಿಕೆಗೆ ಎರಡು ಮೂರು ಪದಗಳ ಜಾಗ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲು ಹಾಕಬಹುದು.

— ಸು

ಮರು: ತುರ್ತಾಗಿ ಪದ ಬೇಕು

‘ಜಾತ್ರೆ’ ಬೇಡ. ಯೋಗಿ ಜೋಗಿಯಾದ ಹಾಗೆ ಯಾತ್ರೆ ಜಾತ್ರೆಯಾಯಿತು. ಜಾತ್ರೆ ಎಂದರೆ ಜನ ಒಂದು ಕಡೆಗೆ ಹೊರಟು ಬರಬೇಕು, ಬಂದು ಸೇರುವ ಕಡೆ ದೇವರಿರಬೇಕು. ರಿಯೋದಲ್ಲಿ ಯಾವ ದೇವರ ಬಳಿಗೆ ಹೋಗುತ್ತಾರೆ?

ಕಾರ್ನಿವಲ್ ಪದದ ಮೂಲ ನೋಡಿ. ಹಳೆಯ ಇಟಾಲಿಯನ್ನಿನ ‘ಕಾರ್ನೆಲೆವಾರೆ’, ಮಾಂಸವನ್ನು ತೆಗೆದಿಡುವುದು. ಈಸ್ಟರ್‌ಗೆ ಮುಂಚೆ ನಲವತ್ತು ದಿನದ ಉಪವಾಸ ಬರುತ್ತದೆ. ಕನ್ನಡದ ಕ್ರೈಸ್ತರು ಅದನ್ನು ತಪಸ್ಸುಕಾಲ ಅನ್ನುತ್ತಾರೆ. ಅದು ಬೂದಿ ಬುಧವಾರ ಶುರುವಾಗುತ್ತದೆ. ಅದಕ್ಕೆ ಮೊದಲು ತಿಂದು, ಕುಡಿದು, ಕುಣಿದು ಮುಗಿಸುವ ದಿನಗಳೇ ಕಾರ್ನಿವಲ್. ‘ಕಾರ್ನೆ ವಾಲೆ’, ಅಂದರೆ ‘ಮಾಂಸವೇ, ಹೋಗಿ ಬಾ’ ಎಂಬ ವಿವರಣೆ ಎಲ್ಲ ಕಡೆ ಓಡಾಡುತ್ತಿದೆ. ಅದು ಆಮೇಲೆ ಜನ ಕಟ್ಟಿದ ಕಥೆ. ದಯವಿಟ್ಟು ಫಲಕದಲ್ಲಿ ಹಾಕಬೇಡಿ.

ಪದ ಬೇಕೆಂದರೆ ‘ಬಾಡುಬಿಡುವ ಹಬ್ಬ’ ಎನ್ನಿ. ಮೂಲದ ಅರ್ಥ ಹಾಗೇ ಉಳಿಯುತ್ತದೆ.

— ರಾ

ಮರು: ಮರು: ತುರ್ತಾಗಿ ಪದ ಬೇಕು

ಮೇಷ್ಟ್ರೇ, ಮೂಲ ಸರಿ. ಪದ ಆಗಲ್ಲ.

ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ನಡೆಯುವುದು ಆಗಸ್ಟ್ ಕೊನೆಗೆ. ಕೆರಿಬಿಯನ್ ದ್ವೀಪಗಳಿಂದ ಹೋಗಿ ನೆಲೆಸಿದವರು ಕಟ್ಟಿದ್ದು ಅದು. ಅಲ್ಲಿ ಉಪವಾಸವೂ ಇಲ್ಲ, ಬಾಡು ಬಿಡುವುದೂ ಇಲ್ಲ. ಅದಕ್ಕೊಂದು, ರಿಯೋಗೆ ಒಂದು ಅಂತ ಬೇರೆ ಬೇರೆ ಪದ ಮಾಡ್ತೀರಾ? ಪದ ಹುಟ್ಟಿದ ಕಡೆಯೇ ಕೂತಿರುವುದಿಲ್ಲ.

ನ್ಯೂ ಆರ್ಲಿಯನ್ಸ್‌ನ ‘ಮಾರ್ಡಿ ಗ್ರಾ’ ನೋಡಿ. ಫ್ರೆಂಚಿನಲ್ಲಿ ‘ಕೊಬ್ಬಿನ ಮಂಗಳವಾರ’. ಉಪವಾಸಕ್ಕೆ ಮುಂಚೆ ಮನೆಯ ಎಣ್ಣೆ, ಕೊಬ್ಬು, ಬೆಣ್ಣೆ ಎಲ್ಲ ತಿಂದು ಮುಗಿಸುವ ದಿನ. ಅದನ್ನು ಕನ್ನಡದಲ್ಲಿ ಹಾಗೇ ಬರೆದರೆ ಓದುವವರು ಸೊಕ್ಕಿನ ಮಂಗಳವಾರ ಅಂದುಕೊಳ್ಳುತ್ತಾರೆ. ಕೊಬ್ಬು ನಮ್ಮಲ್ಲಿ ಬೈಗುಳದ ಜೊತೆಗೇ ಬರುವ ಪದ ಅಲ್ವಾ?

‘ಕಾರ್ನಿವಲ್’ ಅಂತಲೇ ಬರೆಯಿರಿ ಮೇಡಂ. ಅದು ಹೆಸರು. ಕೆಳಗಿನ ಸಾಲಿನಲ್ಲಿ ವಿವರಿಸಿ.

‘ಪೆರೇಡ್’ಗೆ ಪಥಸಂಚಲನ, ಕವಾಯತು ಅಂತೆಲ್ಲ ಹಾಕಿಬಿಟ್ಟೀರಿ, ಎಚ್ಚರ. ಅದು ಸೈನ್ಯದ್ದು. ರಿಯೋದಲ್ಲಿ ನಡೆಯುವುದು ಮೆರವಣಿಗೆ. ಮೆರೆಯುವುದಕ್ಕೆಂದೇ ಹೊರಟವರು ಅವರು. ಅದಕ್ಕಾಗಿಯೇ ವಾಸ್ತುಶಿಲ್ಪಿ ಒಸ್ಕಾರ್ ನೀಮೆಯರ್ ವಿನ್ಯಾಸದ ಸಾಂಬಾಡ್ರೋಮ್ 1984ರಲ್ಲಿ ತಯಾರಾಯಿತು. ಎರಡೂ ಕಡೆ ಮೆಟ್ಟಿಲು ಸಾಲು, ನಡುವೆ ಮೆರವಣಿಗೆಯ ದಾರಿ. ಅಲ್ಲಿ ಸ್ಪರ್ಧೆಗೆ ಇಳಿಯುವ ತಂಡಗಳನ್ನು ಪೋರ್ಚುಗೀಸಿನಲ್ಲಿ ‘ಎಸ್ಕೋಲಾ ದೆ ಸಾಂಬಾ’ ಅನ್ನುತ್ತಾರೆ. ಸಾಂಬಾ ಅಲ್ಲಿನ ಹಾಡು, ಕುಣಿತ. ‘ಸಾಂಬಾ ಶಾಲೆ’ ಎಂದು ಬರೆದ ಅನುವಾದ ನೋಡಿದ್ದೇನೆ. ಮಕ್ಕಳು ಪಾಟಿ ಹಿಡಿದು ಹೋಗುವ ಶಾಲೆ ಅಂದುಕೊಳ್ಳುತ್ತಾರೆ. ಒಂದು ಕೇರಿಯ ಜನ ಸೇರಿ ಹಾಡು, ವೇಷ, ಬಂಡಿ ಎಲ್ಲ ವರ್ಷವಿಡೀ ತಯಾರು ಮಾಡುವ ಕೂಟ ಅದು. ಕನ್ನಡದಲ್ಲಿ ಅದಕ್ಕೆ ಪದ ಇದೆ: ಮೇಳ. ‘ಸಾಂಬಾ ಮೇಳ’ ಎನ್ನಿ.

— ನಾ

ಮರು: ಮರು: ತುರ್ತಾಗಿ ಪದ ಬೇಕು

ಎಲ್ಲವನ್ನೂ ‘ಹೆಸರು’ ಅಂತ ಬಿಟ್ಟುಬಿಟ್ಟರೆ ಪದ ಕಟ್ಟುವ ಕೆಲಸ ಯಾರು ಮಾಡುತ್ತಾರೆ? ‘ಸೋಗಿನ ಹಬ್ಬ’ ಎನ್ನಿ. ವೇಷ ಇದೆ, ಮುಖವಾಡ ಇದೆ. ಓದಿದ ಕೂಡಲೇ ಅರ್ಥವಾಗುತ್ತದೆ.

ಮುಖ್ಯ ಶೀರ್ಷಿಕೆ ‘ಜಗತ್ತಿನ ಹಬ್ಬಗಳು’ ಅಂತಲೇ ಇರಲಿ. ಉತ್ಸವ, ಸಂಭ್ರಮ, ಆಚರಣೆ ಎಲ್ಲ ಸಂಸ್ಕೃತದ ಸಾಮಾನು. ಜನ ‘ಹಬ್ಬ ಮಾಡ್ತೀವಿ’ ಅನ್ನುತ್ತಾರೆ. ‘ಹಬ್ಬವನ್ನು ಸಂಭ್ರಮದಿಂದ ಆಚರಿಸಲಾಗುತ್ತದೆ’ ಅಂತ ಯಾವ ತಾಯಿ ಮಗುವಿಗೆ ಹೇಳುತ್ತಾಳೆ? ಹಬ್ಬ ಅಚ್ಚಗನ್ನಡ.

— ಶ

‘ಹಬ್ಬ’ ಅಚ್ಚಗನ್ನಡವೇ? (ಹಿಂದಿನ ವಿಷಯ: ತುರ್ತಾಗಿ ಪದ ಬೇಕು)

ಅಲ್ಲ.

ಪರ್ವ, ಪಬ್ಬ, ಹಬ್ಬ. ಪಾಲು ಹಾಲಾಯಿತು, ಪೂ ಹೂವಾಯಿತು, ಪಬ್ಬ ಹಬ್ಬವಾಯಿತು. ಪರ್ವ ಎಂದರೆ ಮೊದಲು ಗಿಣ್ಣು, ಬಿದಿರಿನ ಗಿಣ್ಣು ಕಬ್ಬಿನ ಗಿಣ್ಣು. ಆಮೇಲೆ ಚಂದ್ರನ ಪಕ್ಷಗಳು ಕೂಡುವ ದಿನ. ಕಾಲದ ಗಿಣ್ಣು ಅನ್ನೋಣ. ಅಂಥ ದಿನಗಳಲ್ಲಿ ನಡೆಸುವುದೇ ಹಬ್ಬವಾಯಿತು. ಈ ಅರ್ಥ ತಿಳಿದವರು ಪದವನ್ನು ಇನ್ನೂ ಪ್ರೀತಿಯಿಂದ ಬಳಸುತ್ತಾರೆ. ಸಂಸ್ಕೃತದ್ದು ಅಂತ ಉತ್ಸವವನ್ನು ಆಚೆ ಹಾಕುವವರು ಅದೇ ಲೆಕ್ಕದಲ್ಲಿ ಹಬ್ಬವನ್ನೂ ಹಾಕಬೇಕಾಗುತ್ತದೆ.

— ರಾ

ಮರು: ‘ಹಬ್ಬ’ ಅಚ್ಚಗನ್ನಡವೇ?

ಹಾಕುವುದಿಲ್ಲ. ಬಾಯಲ್ಲಿ ಸವೆದು, ನಮ್ಮ ಉಚ್ಚಾರಕ್ಕೆ ಒಗ್ಗಿದ್ದು ನಮ್ಮದು. ಉತ್ಸವ ಸವೆದಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡ ವ್ಯತ್ಯಾಸ.

— ಶ

ಮರು: ಮರು: ತುರ್ತಾಗಿ ಪದ ಬೇಕು

ಆ ಜಗಳ ಆಮೇಲೆ ಆಡೋಣ. ಅವರಿಗೆ ನಾಳೆ ಸಂಜೆ ಗಡುವು.

‘ಸೋಗಿನ ಹಬ್ಬ’ ವೆನಿಸ್‌ಗೆ ಒಪ್ಪುತ್ತದೆ. ಮುಖವಾಡ ತೊಟ್ಟರೆ ಯಾರು ಸಿರಿವಂತ, ಯಾರು ಬಡವ ಗೊತ್ತಾಗದ ಊರು ಅದು. 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದ ಮೇಲೆ ಆ ಹಬ್ಬ ಸೊರಗಿತು. ಮತ್ತೆ ದೊಡ್ಡದಾಗಿ ಎದ್ದಿದ್ದು 1979ರಲ್ಲಿ. ಆದರೆ ರಿಯೋದ ಜೀವ ಇರುವುದು ಕುಣಿತದಲ್ಲಿ, ಸೋಗಿನಲ್ಲಲ್ಲ. ಹಾಗಾಗಿ ಎರಡಕ್ಕೂ ಸೇರಿಸಿ ‘ಕಾರ್ನಿವಲ್’ ಇರಲಿ, ವೆನಿಸ್ ಫಲಕದ ವಿವರಣೆಯಲ್ಲಿ ‘ಸೋಗಿನ ಹಬ್ಬ’ ಎನ್ನಿ. ಶ ಅವರ ಪದವೂ ಬಳಕೆಗೆ ಬಂದಂತಾಗುತ್ತದೆ.

ಸೊಂಗ್‌ಕ್ರಾನ್ ಸಂಸ್ಕೃತದ ಸಂಕ್ರಾಂತಿಯೇ, ಸಂಶಯವಿಲ್ಲ. ಆದರೆ ಕನ್ನಡಿಗರಿಗೆ ಸಂಕ್ರಾಂತಿ ಅಂದರೆ ಜನವರಿ, ಮಕರ. ಥಾಯ್ ಜನರದ್ದು ಸೂರ್ಯ ಮೇಷಕ್ಕೆ ಹೋಗುವ ಲೆಕ್ಕದ್ದು, ಈಗ ಏಪ್ರಿಲ್ 13ರಿಂದ 15ಕ್ಕೆ ನಿಂತಿದೆ. ಅವರಿಗೆ ಅದು ಹೊಸ ವರ್ಷ. ಶೀರ್ಷಿಕೆಯಲ್ಲಿ ‘ಸಂಕ್ರಾಂತಿ’ ಬರೆದರೆ ಮಗು ತಪ್ಪು ತಿಂಗಳನ್ನು ತಲೆಯಲ್ಲಿಟ್ಟುಕೊಂಡು ಹೋಗುತ್ತದೆ. ‘ಸೊಂಗ್‌ಕ್ರಾನ್’ ಬರೆಯಿರಿ. ಸಂಕ್ರಾಂತಿಯ ನಂಟನ್ನು ವಿವರಣೆಯಲ್ಲಿ ಹೇಳಿ. ಅದನ್ನು ಮಾತ್ರ ಬಿಡಬೇಡಿ, ಮಕ್ಕಳು ಖುಷಿಪಡುವ ಸಂಗತಿ.

— ನಾ

ಮರು: ಮರು: ತುರ್ತಾಗಿ ಪದ ಬೇಕು

ಧನ್ಯವಾದ. ಕಾರ್ನಿವಲ್, ಸೊಂಗ್‌ಕ್ರಾನ್ ಆಯಿತು. ‘ಮೇಳ’ ತುಂಬಾ ಹಿಡಿಸಿತು. ಮೆಕ್ಸಿಕೋದ್ದು ಉಳಿದಿದೆ. ‘ಸತ್ತವರ ದಿನ’ ಮಕ್ಕಳ ಫಲಕಕ್ಕೆ ಒರಟಾಯಿತು ಅಂತ ಪ್ರದರ್ಶನದವರು ಹೇಳುತ್ತಿದ್ದಾರೆ. ‘ಅಗಲಿದವರ ದಿನ’? ‘ಹಿರಿಯರ ಹಬ್ಬ’?

— ಸು

ಮರು: ಮರು: ತುರ್ತಾಗಿ ಪದ ಬೇಕು

‘ಪಿತೃಪಕ್ಷ’ವನ್ನು ಮೊದಲು ಹೊಡೆದುಹಾಕಿ. ಪಕ್ಷ ಎಂದರೆ ಹದಿನೈದು ದಿನ. ಅವರದ್ದು ನವೆಂಬರ್ 1 ಮತ್ತು 2. ‘ಹಿರಿಯರ ಹಬ್ಬ’ ಒಳ್ಳೆಯ ಪದ, ಆದರೆ ಇಲ್ಲಿಗೆ ಸಲ್ಲ. ನವೆಂಬರ್ 1 ಅವರಲ್ಲಿ ತೀರಿಹೋದ ಮಕ್ಕಳ ದಿನ. ‘ಆಂಖೆಲಿತೋಸ್’ ಅನ್ನುತ್ತಾರೆ, ಪುಟ್ಟ ದೇವದೂತರು. ಮಾರನೆಯ ದಿನ ದೊಡ್ಡವರದ್ದು. ‘ಹಿರಿಯರ’ ಅಂದರೆ ಆ ಮಕ್ಕಳನ್ನು ಹೊರಗಿಟ್ಟ ಹಾಗಾಗುತ್ತದೆ.

— ರಾ

ಮರು: ಮರು: ತುರ್ತಾಗಿ ಪದ ಬೇಕು

ಮೇಷ್ಟ್ರು ಹೇಳಿದ್ದು ಸರಿ. ‘ಅಗಲಿದವರು’ ಕೂಡ ಬೇಡ. ಅದು ಪತ್ರಿಕೆಯ ಶ್ರದ್ಧಾಂಜಲಿಯ ಭಾಷೆ. ಆ ಹಬ್ಬದ ಅರ್ಥಕ್ಕೇ ಎದುರಾಗುತ್ತದೆ. ಆ ದಿನ ಸತ್ತವರು ಮನೆಗೆ ಬರುತ್ತಾರೆ ಅನ್ನುವುದು ಅವರ ನಂಬಿಕೆ. ದಾರಿ ಗೊತ್ತಾಗಲಿ ಅಂತ ಚೆಂಡು ಹೂವಿನ ಎಸಳು ಚೆಲ್ಲುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಸಮಾಧಿಯ ಪಕ್ಕ ಕೂತು ಉಣ್ಣುತ್ತಾರೆ, ಹಾಡುತ್ತಾರೆ. ಬರುವವರನ್ನು ಎದುರುಗೊಳ್ಳುವ ದಿನಕ್ಕೆ ‘ಅಗಲಿದವರ ದಿನ’ ಅನ್ನುವುದು ಹೇಗೆ?

ಸ್ಪ್ಯಾನಿಷ್‌ನ ‘ಮುಯೆರ್ತೋಸ್’ಗೆ ಯಾವ ನಯವೂ ಇಲ್ಲ. ಸತ್ತವರು ಅಂತಲೇ ಅದರ ಅರ್ಥ. ಸಕ್ಕರೆಯಲ್ಲಿ ತಲೆಬುರುಡೆ ಮಾಡಿ, ಅದರ ಹಣೆಯ ಮೇಲೆ ಹೆಸರು ಬರೆಯುವ ಜನ ಅವರು. ಸಾವಿನ ಹೆಸರು ಹೇಳಲು ಅವರಿಗಿಲ್ಲದ ಸಂಕೋಚ ನಮ್ಮ ಅನುವಾದಕ್ಕೆ ಯಾಕೆ? ‘ಸತ್ತವರ ದಿನ’ ಹಾಕಿ. ಪ್ರದರ್ಶನದವರಿಗೆ ಇದನ್ನೇ ಹೇಳಿ. ಯುನೆಸ್ಕೋ ಪಟ್ಟಿಯಲ್ಲೂ 2008ರಿಂದ ಈ ಹಬ್ಬ ಇದೆ, ಅಲ್ಲೂ ಹೆಸರನ್ನು ಮೆದು ಮಾಡಿಲ್ಲ.

— ನಾ

ಮರು: ಮರು: ತುರ್ತಾಗಿ ಪದ ಬೇಕು

‘ದಿನ’ ಬೇಡ, ‘ಹಬ್ಬ’ ಎನ್ನಿ. ‘ದಿನ’ ಅಂದರೆ ಪರಿಸರ ದಿನ, ಶಿಕ್ಷಕರ ದಿನದ ಸಾಲಿಗೆ ಹೋಗುತ್ತದೆ. ‘ಸತ್ತವರ ಹಬ್ಬ’.

ಅವರು ಮನೆಯಲ್ಲಿ ಸತ್ತವರಿಗಾಗಿ ಮೇಜಿನ ಮೇಲೆ ಊಟ, ನೀರು, ಫೋಟೋ, ಹೂವು ಇಡುತ್ತಾರಲ್ಲ, ‘ಒಫ್ರೆಂದಾ’. ಅದಕ್ಕೆ ‘ನೈವೇದ್ಯ’, ‘ಅರ್ಪಣೆ’ ಅಂತ ಬರೆದಿದ್ದರೆ ಈಗಲೇ ತೆಗೆಯಿರಿ. ಎಡೆ. ‘ಎಡೆ ಇಡುವುದು’. ಇದಕ್ಕಿಂತ ಸರಿಯಾದ ಪದ ಯಾವ ಭಾಷೆಯಲ್ಲೂ ಸಿಗಲಾರದು.

— ಶ

ಮರು: ಮರು: ತುರ್ತಾಗಿ ಪದ ಬೇಕು

‘ಎಡೆ’ಗೆ ನನ್ನ ಪೂರ್ತಿ ಒಪ್ಪಿಗೆ. ‘ಸತ್ತವರ ಹಬ್ಬ’ಕ್ಕೂ.

ಆದರೆ ಹಬ್ಬ ಎಂದು ಸಿಕ್ಕ ಕಡೆಯಲ್ಲೆಲ್ಲ ಅಂಟಿಸಬೇಡಿ. ‘ಇಂತಿ ರೈಮಿ ಹಬ್ಬ’ ಅಂತ ಬರೆಯುತ್ತಾರೆ. ಪೆರುವಿನ ಕೆಚುವಾ ಭಾಷೆಯಲ್ಲಿ ‘ಇಂತಿ’ ಸೂರ್ಯ, ‘ರೈಮಿ’ಯೇ ಹಬ್ಬ. ‘ಈದ್ ಹಬ್ಬ’ವೂ ಅದೇ ಕಥೆ. ಜಪಾನಿನ ‘ಗಿಯೋನ್ ಮತ್ಸುರಿ ಹಬ್ಬ’ವೂ, ‘ಮತ್ಸುರಿ’ ಎಂದರೇ ಹಬ್ಬ. ಎರಡೆರಡು ಸಲ ಹಬ್ಬ ಯಾಕೆ?

— ರಾ

ಮರು: ಹಬ್ಬದ ಮೇಲೆ ಹಬ್ಬ

ಸಹಾರಾ ಎಂದರೇ ಮರುಭೂಮಿ. ‘ಸಹಾರಾ ಮರುಭೂಮಿ’ ಅನ್ನುವುದನ್ನು ಬಿಟ್ಟಿದ್ದೀರಾ? ಕೆಚುವಾ ಬಾರದ ಮಗುವಿಗೆ ‘ಇಂತಿ ರೈಮಿ’ ಒಬ್ಬ ಮನುಷ್ಯನ ಹೆಸರೂ ಆಗಬಹುದು, ಊರಿನದೂ ಆಗಬಹುದು. ಹಬ್ಬ ಅಂತ ಹೇಳಲೇಬೇಕು. ‘ಇಂತಿ ರೈಮಿ: ಸೂರ್ಯನ ಹಬ್ಬ’ ಅಂತ ಬರೆದರೆ ಎರಡೂ ಕೆಲಸ ಆಗುತ್ತದೆ.

ಕ್ಯೋಟೋದ ಗಿಯೋನ್ ಮತ್ಸುರಿಗೆ ಒಂದು ಮಾತು. ಚಿತ್ರದಲ್ಲಿ ದೊಡ್ಡ ಮರದ ಚಕ್ರಗಳ ಮೇಲೆ ಎತ್ತರದ ಬಂಡಿ ಇರುತ್ತದೆ, ಜನ ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ. ‘ಅಲಂಕೃತ ವಾಹನ’ ಅಂತ ಬರೆಯಬೇಡಿ ಮೇಡಂ. ತೇರು. ಸಾಂಕ್ರಾಮಿಕ ರೋಗ ಹಬ್ಬಿದಾಗ, 869ರಲ್ಲಿ, ದೇವರನ್ನು ಸಮಾಧಾನ ಮಾಡಲು ಶುರುವಾದ ಹಬ್ಬ ಅದು. ದೇವರಿದೆ, ಎಳೆಯುವ ಜನ ಇದ್ದಾರೆ, ತೇರು ಅನ್ನಲು ಮತ್ತೇನು ಬೇಕು? ರಿಯೋದ ಬಂಡಿಗಳಿಗೆ ಮಾತ್ರ ತೇರು ಬೇಡ, ‘ಸ್ತಬ್ಧಚಿತ್ರ’ವೂ ಬೇಡ. ಮೇಲೆ ನಿಂತವರು ಕುಣಿಯುತ್ತಿರುವಾಗ ಸ್ತಬ್ಧ ಎಲ್ಲಿಂದ ಬಂತು? ‘ಅಲಂಕಾರದ ಬಂಡಿ’ ಸಾಕು.

— ನಾ

ಮರು: ಹಬ್ಬದ ಮೇಲೆ ಹಬ್ಬ

ನೋಡಿ, ತೇರು, ಎಡೆ, ಮೇಳ, ಮೆರವಣಿಗೆ. ಹುಡುಕಿದರೆ ಸಿಗುತ್ತದೆ. ‘ಕಾರ್ನಿವಲ್’ಗೂ ಇನ್ನೊಂದು ದಿನ ಹುಡುಕಿದ್ದರೆ ಸಿಗುತ್ತಿತ್ತು. ಬೇಗ ಕೈಚೆಲ್ಲಿದಿರಿ.

— ಶ

ಮರು: ಹಬ್ಬದ ಮೇಲೆ ಹಬ್ಬ

ಕೈಚೆಲ್ಲಿದ್ದಲ್ಲ. ನೀವು ಹೆಸರಿಟ್ಟ ವಸ್ತುಗಳೆಲ್ಲ ಅಲ್ಲೂ ಇವೆ, ಇಲ್ಲೂ ಇವೆ. ಅದಕ್ಕೇ ಪದ ಸಿಕ್ಕಿತು. ಕಾರ್ನಿವಲ್ ಇಲ್ಲಿಲ್ಲ. ಇಲ್ಲದ್ದಕ್ಕೆ ಅವರ ಹೆಸರನ್ನೇ ಕರೆಯುವುದು ಮರ್ಯಾದೆ. ಥಾಯ್ ಜನ ಸಂಕ್ರಾಂತಿಯನ್ನು ತೆಗೆದುಕೊಂಡು ಸೊಂಗ್‌ಕ್ರಾನ್ ಮಾಡಿಕೊಂಡರು. ಅವರ ಭಾಷೆ ಬಡವಾಯಿತೇ?

— ನಾ

ಮರು: ಹಬ್ಬದ ಮೇಲೆ ಹಬ್ಬ

ಸೊಂಗ್‌ಕ್ರಾನ್ ಅಂತ ಸವೆಸಿಕೊಂಡರು ನೋಡಿ. ನಾನು ಹೇಳುತ್ತಿರುವುದೂ ಅದೇ. ನೀವು ಕಾರ್ನಿವಲ್ಲನ್ನು ಹಾಗೇ ಎತ್ತಿ ಇಡುತ್ತಿದ್ದೀರಿ.

— ಶ

ಮರು: ತುರ್ತಾಗಿ ಪದ ಬೇಕು: ಅಚ್ಚಿಗೆ ಹೋದ ಪಟ್ಟಿ

ಎಲ್ಲರಿಗೂ ಧನ್ಯವಾದ. ಮುಖ್ಯ ಶೀರ್ಷಿಕೆ ‘ಜಗತ್ತಿನ ಹಬ್ಬಗಳು’. ರಿಯೋ ಕಾರ್ನಿವಲ್, ವೆನಿಸ್ ಕಾರ್ನಿವಲ್, ಎರಡನೆಯದರ ಕೆಳಗೆ ‘ಮುಖವಾಡ ತೊಟ್ಟ ಸೋಗಿನ ಹಬ್ಬ’. ಸೊಂಗ್‌ಕ್ರಾನ್: ಥಾಯ್ ಹೊಸ ವರ್ಷ. ಇಂತಿ ರೈಮಿ: ಸೂರ್ಯನ ಹಬ್ಬ. ಗಿಯೋನ್ ಮತ್ಸುರಿ: ಕ್ಯೋಟೋದ ತೇರು. ಮೆಕ್ಸಿಕೋದ್ದು ‘ಸತ್ತವರ ಹಬ್ಬ’. ಪ್ರದರ್ಶನದವರು ಸಕ್ಕರೆ ಬುರುಡೆಯ ಚಿತ್ರ ನೋಡಿದ ಮೇಲೆ ಒಪ್ಪಿಕೊಂಡರು. ಎಡೆ ಎಡೆಯಾಗಿಯೇ ಹೋಗಿದೆ.

ಮ್ಯೂನಿಕ್‌ನ ಒಕ್ಟೋಬರ್‌ಫೆಸ್ಟ್ ಫಲಕ ಎರಡನೆಯ ಕಂತಿನಲ್ಲಿದೆ, ಇನ್ನೂ ಸಮಯ ಇದೆ. 1810ರಲ್ಲಿ ರಾಜಕುಮಾರ ಲುಡ್ವಿಗ್‌ನ ಮದುವೆಯ ಕುದುರೆ ಓಟದಿಂದ ಶುರುವಾಗಿ, ಈಗ ಡೇರೆ, ಬಿಯರ್, ತಿರುಗುವ ತೊಟ್ಟಿಲು ಎಲ್ಲ ಸೇರಿದೆ. ಇದಕ್ಕಾದರೂ ‘ಜಾತ್ರೆ’ ಅನ್ನಬಹುದಾ?

— ಸು

ಮರು: ಒಕ್ಟೋಬರ್‌ಫೆಸ್ಟ್

ದೇವರಿಲ್ಲ. ಜಾತ್ರೆ ಅಲ್ಲ.

— ರಾ

ಮರು: ಒಕ್ಟೋಬರ್‌ಫೆಸ್ಟ್

ತೊಟ್ಟಿಲಿದೆ, ಡೇರೆಯಿದೆ, ನೂಕುನುಗ್ಗಲಿದೆ, ಕಳೆದುಹೋದ ಮಕ್ಕಳಿದ್ದಾರೆ. ಜಾತ್ರೆಯೇ. ಯಾತ್ರೆ ಜಾತ್ರೆಯಾದ ಮೇಲೆ ಅರ್ಥವೂ ಬೆಳೆದಿದೆ ಮೇಷ್ಟ್ರೇ. ಜನಜಾತ್ರೆ ಅನ್ನುವಾಗ ಯಾವ ದೇವರನ್ನು ಕೇಳುತ್ತೇವೆ? ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ ಅನ್ನುವುದನ್ನು ಮಾತ್ರ ವಿವರಣೆಯಲ್ಲಿ ಹಾಕಿ ಮೇಡಂ, ಹೆಸರು ನೋಡಿ ಮಕ್ಕಳು ಅಕ್ಟೋಬರ್ ಅಂದುಕೊಳ್ಳುತ್ತಾರೆ.

— ನಾ