ಮ್ಯೂಸಿಯಂನ ಕಂಚಿನ ಬಾಹುಬಲಿ: ಕಲ್ಲಿನ ನಾಡಿನ ಶಿಲ್ಪಿ ಲೋಹವನ್ನು ಏಕೆ ಆರಿಸಿಕೊಂಡ?

ಡೊಂಬಿವಲಿ ಕನ್ನಡತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಊರಿನಿಂದ ಬಂದಿದ್ದ ಚಿಕ್ಕಮ್ಮನನ್ನು ಕರೆದುಕೊಂಡು ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆ. ಶ್ರವಣಬೆಳಗೊಳದಿಂದ ಬಂದ ಕಂಚಿನ ಬಾಹುಬಲಿಯ ಮುಂದೆ ನಾವಿಬ್ಬರೂ ಬಹಳ ಹೊತ್ತು ನಿಂತೆವು. ವಿಗ್ರಹದ ಎತ್ತರ ಒಂದು ಮೊಳಕ್ಕಿಂತ ತುಸು ಹೆಚ್ಚಿರಬಹುದು, ಅಷ್ಟೆ. ಬೆಟ್ಟದ ಮೇಲಿನ 57 ಅಡಿಯ ಗೊಮ್ಮಟನ ತಲೆಯಲ್ಲಿ ಸುರುಳಿಗೂದಲಿದ್ದರೆ, ಇಲ್ಲಿ ಹಿಂದಕ್ಕೆ ಬಾಚಿದ ಕೂದಲು ಎಳೆಎಳೆಯಾಗಿ ಹೆಗಲ ಮೇಲೆ ಇಳಿದಿದೆ. ಕಾಲನ್ನೂ ತೋಳನ್ನೂ ಬಳ್ಳಿ ಸುತ್ತಿಕೊಂಡಿದೆ. ಇಳಿಬಿಟ್ಟ ತೋಳಿಗೂ ಮೈಗೂ ನಡುವೆ ಬೆಳಕು ಹಾಯುತ್ತದೆ. ಚಿಕ್ಕಮ್ಮ ಮೆಲ್ಲಗೆ, "ಇವನು ಈಗ ತಾನೇ ಬಂದು ನಿಂತ ಹಾಗಿದ್ದಾನೆ ನೋಡು" ಎಂದರು.

ನನ್ನ ಪ್ರಶ್ನೆ ಇದು. ಅಷ್ಟು ಒಳ್ಳೆಯ ಕಲ್ಲೂ ಅದನ್ನು ಕಡೆಯಬಲ್ಲ ಕೈಗಳೂ ಇದ್ದ ನಾಡಿನಲ್ಲಿ ದುಬಾರಿಯಾದ ಕಂಚನ್ನು ಕರಗಿಸಿ ಮೂರ್ತಿ ಮಾಡುವ ಅಗತ್ಯ ಏನಿತ್ತು? ಇದರ ಜೊತೆಗೆ ಮನೆಯ ಒಂದು ಸಂಗತಿಯನ್ನೂ ಕೇಳಬೇಕಾಗಿದೆ. ಕುಂದಾಪುರದ ಕಡೆಯ ಮನೆಯಿಂದ ಅಜ್ಜಿ ತಂದಿದ್ದ ಗೇಣುದ್ದದ ವೇಣುಗೋಪಾಲನನ್ನು ದೀಪಾವಳಿಗೆ ಮೊದಲು ಇಲ್ಲಿನ ಒಂದು ಅಂಗಡಿಗೆ ಪಾಲಿಶ್ ಮಾಡಲು ಕೊಟ್ಟಿದ್ದೆ. ಕಂದುಗಪ್ಪಾಗಿದ್ದ ಮೂರ್ತಿ ಹೊಸ ಪಾತ್ರೆಯಂತೆ ಹಳದಿಯಾಗಿ ಹೊಳೆಯುತ್ತ ಮರಳಿತು. ಆದರೆ ಕೊಳಲು ಹಿಡಿದ ಬೆರಳುಗಳ ಉಗುರಿನ ಗೀರು ಕಾಣದಾಗಿದೆ, ಕಣ್ಣಿನ ಅಂಚು ಮಸುಕಾಗಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲಿದ್ದ ಆ ಕಪ್ಪು ಬಣ್ಣ ಕೊಳೆಯೇ ಆಗಿತ್ತೇ?

ರಾಣಿಬಾಗ್ ಹತ್ತಿರದವನು:

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವೇ ಬರೆದ ಒಂದು ಮಾತಿನಲ್ಲಿದೆ: ತೋಳಿಗೂ ಮೈಗೂ ನಡುವೆ ಬೆಳಕು ಹಾಯುತ್ತದೆ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ. ಎಳೆತವನ್ನು ಮಾತ್ರ ತಾಳುವುದಿಲ್ಲ. ಸಪೂರವಾಗಿ ಕಡೆದು ಚಾಚಿ ಬಿಟ್ಟ ಕಲ್ಲಿನ ಕೈ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಬೆಟ್ಟದ ಗೊಮ್ಮಟನ ಕಾಲುಗಳ ಪಕ್ಕದಲ್ಲಿ ತೊಡೆಯವರೆಗೆ ಏರಿದ ಹುತ್ತವನ್ನು ನೆನಪಿಸಿಕೊಳ್ಳಿ. ಅದು ಕಥೆಯ ಹುತ್ತವೂ ಹೌದು, ಆ ಮಹಾಶಿಲೆಗೆ ಆಧಾರವೂ ಹೌದು. ಗ್ರೀಕರ ಕಂಚಿನ ಮೂರ್ತಿಗಳನ್ನು ರೋಮಿನವರು ಅಮೃತಶಿಲೆಯಲ್ಲಿ ನಕಲು ಮಾಡಿದಾಗ, ಮೂಲದಲ್ಲಿ ಇಲ್ಲದ ಮರದ ಬೊಡ್ಡೆಯೊಂದನ್ನು ಕಾಲಿಗೆ ಆತುಕೊಂಡಂತೆ ಸೇರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಎರಡು ಪಾದಗಳ ಮೇಲೆ ಒಂದು ಮೈ ತಾನಾಗಿ ನಿಲ್ಲಬೇಕು, ಕೈ ಬೀಸಬೇಕು, ಜಟೆ ಗಾಳಿಯಲ್ಲಿ ಹರಡಬೇಕು ಎಂದು ಬಯಸಿದ ಶಿಲ್ಪಿಗೆ ಲೋಹವೇ ಗತಿಯಾಗಿತ್ತು. ಚೋಳರ ಕಾಲದ ನಟರಾಜನನ್ನು ಕಲ್ಲಿನಲ್ಲಿ ಅದೇ ನಿರಾಳದಿಂದ ನಿಲ್ಲಿಸುವುದು ಸಾಧ್ಯವೇ ಇರಲಿಲ್ಲ. ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ, ಬೀದಿಗೆ ಬರಬೇಕಾದವನು ಉತ್ಸವಮೂರ್ತಿ. ಪಲ್ಲಕ್ಕಿಯ ಕುಲುಕಾಟಕ್ಕೆ ಬಿರುಕು ಬಿಡದೆ ಉಳಿಯುವುದು ಲೋಹವೇ.

ಕಂಚು ಎಂದರೆ ಮೂಲದಲ್ಲಿ ತಾಮ್ರಕ್ಕೆ ತವರ ಬೆರೆಸಿದ್ದು. ಬರಿಯ ತಾಮ್ರ ಕರಗಲು ಸುಮಾರು 1,085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಕರಗಿದ ಮೇಲೂ ಅದು ಮಂದವಾಗಿ ಹರಿದು, ಗಾಳಿಯನ್ನು ಹೀರಿ, ಒಳಗೆ ಗುಳ್ಳೆ ಕಟ್ಟುತ್ತದೆ. ನೂರಕ್ಕೆ ಹತ್ತು ಪಾಲು ತವರ ಸೇರಿದರೆ ಕಾವೂ ಕಡಿಮೆ ಸಾಕು, ರಸವೂ ಸಲೀಸಾಗಿ ಹರಿದು ಅಚ್ಚಿನ ಸಂದುಗೊಂದುಗಳನ್ನು ತುಂಬುತ್ತದೆ, ಆರಿದ ಮೇಲೆ ತಾಮ್ರಕ್ಕಿಂತ ಗಟ್ಟಿಯಾಗಿರುತ್ತದೆ. ಮೊಹೆಂಜೊದಾರೊದ ನರ್ತಕಿ ಕೇವಲ 10.5 ಸೆಂಟಿಮೀಟರ್ ಎತ್ತರದವಳು. ಆಕೆಯ ಎಡತೋಳಿನ ತುಂಬ ಇರುವ ಬಳೆಗಳನ್ನು ಇಂದಿಗೂ ಒಂದೊಂದಾಗಿ ಎಣಿಸಬಹುದು.

ಇದನ್ನು ಮಾಡುವ ಬಗೆಯನ್ನು ನಮ್ಮವನೇ ಆದ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟಿದ್ದಾನೆ ಎಂಬುದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಮೊದಲು ಮೇಣದಲ್ಲಿ ಪೂರ್ಣ ಮೂರ್ತಿಯನ್ನು ಮಾಡಿ, ರಸ ಹೊಯ್ಯಲು ಅದಕ್ಕೆ ಮೇಣದ ನಾಳಗಳನ್ನು ಹಚ್ಚಬೇಕು. ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಇವನ್ನು ಮಣ್ಣಿಗೆ ಸೇರಿಸಿ ಕಲ್ಲಿನ ಮೇಲೆ ಅರೆದು, ಮೂರು ಸಲ ಲೇಪಿಸಬೇಕು; ಮೊದಲ ಲೇಪ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು. ಆ ತೆಳು ಲೇಪವೇ ಮೇಣದ ಮೇಲಿನ ಪ್ರತಿ ಗೀರನ್ನೂ ಹಿಡಿದಿಟ್ಟುಕೊಳ್ಳುವುದು. ಆಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗಿ, ಅದು ಬಿಟ್ಟುಹೋದ ಪೊಳ್ಳಿಗೆ ಲೋಹದ ರಸ ಇಳಿಯುತ್ತದೆ. ಮೇಣದ ತೂಕ ನೋಡಿ ಲೋಹವನ್ನು ಎಷ್ಟು ತೆಗೆದುಕೊಳ್ಳಬೇಕು ಎಂಬ ಲೆಕ್ಕವೂ ಅಲ್ಲಿದೆ. ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ, ಆದ್ದರಿಂದ ಆ ಲೆಕ್ಕವಿಲ್ಲದೆ ಕುಲುಮೆ ಹೊತ್ತಿಸಿದವನ ಮೂರ್ತಿ ಎದೆಯ ಮಟ್ಟಕ್ಕೇ ನಿಂತುಬಿಡುತ್ತದೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ನೀವು ನೋಡಿದ ಬಾಹುಬಲಿಯ ಮೈಮೇಲಿನ ಬಳ್ಳಿಯನ್ನು ಮೊದಲು ಮೇಣದಲ್ಲಿ ಯಾರೋ ಬೆರಳಿನಿಂದ ಹೊಸೆದು ಸುತ್ತಿದ್ದಾರೆ ಎಂದು ನೆನೆದು ಇನ್ನೊಮ್ಮೆ ನೋಡಿ ಬನ್ನಿ.

ದಕ್ಷಿಣದ ವಿಗ್ರಹಗಳು ಹೆಚ್ಚಾಗಿ ಗಟ್ಟಿ ಎರಕದವು. ಆಳೆತ್ತರ ಮೀರಿದರೆ ಒಳಗೆ ಮಣ್ಣಿನ ತಿರುಳಿಟ್ಟು ಪೊಳ್ಳಾಗಿ ಎರೆಯುತ್ತಾರೆ. ನಮ್ಮ ಬೈಕುಲ್ಲಾದ ರಾಣಿಬಾಗ್‌ನಲ್ಲಿ ಈಗ ನಿಂತಿರುವ ಬ್ರಿಟಿಷ್ ದೊರೆ ಏಳನೆಯ ಎಡ್ವರ್ಡನ ಕುದುರೆ ಸವಾರಿಯ ಪ್ರತಿಮೆ ಬೋಹ್ಮ್ ಎಂಬ ಶಿಲ್ಪಿಯದು. 1879ರಲ್ಲಿ ದಕ್ಷಿಣ ಮುಂಬೈಯಲ್ಲಿ ನಿಲ್ಲಿಸಿದ್ದನ್ನು 1965ರಲ್ಲಿ ಅಲ್ಲಿಂದ ತೆಗೆದರೂ, ಆ ಕಂಚಿನ ಕಪ್ಪಿನಿಂದ ಬಂದ 'ಕಾಲಾ ಘೋಡಾ' ಎಂಬ ಹೆಸರು ಆ ಜಾಗಕ್ಕೇ ಉಳಿಯಿತು.

ವಾಸ್ಕೋ ನಿವಾಸಿ:

ಒಂದು ಸಣ್ಣ ಸೇರ್ಪಡೆ. ತವರದ ಪಾಲು ನೂರಕ್ಕೆ ಇಪ್ಪತ್ತು ದಾಟಿದರೆ ಅದೇ ಲೋಹ ಗಂಟೆಯ ಕಂಚಾಗುತ್ತದೆ. ಹಳೆ ಗೋವಾದ ಸೆ ಕೆಥೆಡ್ರಲ್‌ನಲ್ಲಿ 'ಚಿನ್ನದ ಗಂಟೆ' ಎಂದು ಹೆಸರಾದ ದೊಡ್ಡ ಗಂಟೆಯೊಂದಿದೆ. ಆ ಹೆಸರು ಬಂದದ್ದು ಅದರ ಧ್ವನಿಯಿಂದ. ನಾವು 'ಕಂಚಿನ ಕಂಠ' ಎನ್ನುವುದೂ ಆ ಗುಣವನ್ನು ಕಂಡೇ. ಆದರೆ ತವರ ಹೆಚ್ಚಿದಷ್ಟೂ ಲೋಹ ಪೆಡಸಾಗಿ, ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಹಾಗಾಗಿ ಗಂಟೆಯ ಕಂಚು ಮೂರ್ತಿಗೆ ಒಗ್ಗುವುದಿಲ್ಲ.

ಕಂಚಿಗೆ ಇನ್ನೊಂದು ಕಷ್ಟವಿದೆ: ಅದನ್ನು ಮತ್ತೆ ಕರಗಿಸಬಹುದು. ಲಿಯೊನಾರ್ಡೊ ಮಿಲಾನಿನಲ್ಲಿ ಮಾಡಬೇಕೆಂದಿದ್ದ ಬೃಹತ್ ಕುದುರೆಗೆ ಕೂಡಿಟ್ಟಿದ್ದ ಕಂಚು 1494ರಲ್ಲಿ ಫಿರಂಗಿಗಳಿಗೆ ಹೋಯಿತು. ಗ್ರೀಕರ ಕಂಚಿನ ಪ್ರತಿಮೆಗಳಲ್ಲಿ ಉಳಿದಿರುವುದು ಬಹಳ ಕಡಿಮೆ, ಅವುಗಳಲ್ಲೂ ಹಲವು ಕಡಲ ತಳದಲ್ಲಿ ಸಿಕ್ಕಿದವು. ಇಟಲಿಯ ರಿಯಾಚೆ ಬಳಿ 1972ರಲ್ಲಿ ದೊರೆತ ಇಬ್ಬರು ಯೋಧರು ಉಳಿದದ್ದು ಮುಳುಗಿದ್ದರಿಂದಲೇ. ಕಲ್ಲನ್ನು ಒಡೆದರೂ ತುಂಡುಗಳು ಉಳಿಯುತ್ತವೆ. ಕರಗಿದ ಕಂಚಿನ ಮುಖ ಮತ್ತೆ ಸಿಗುವುದಿಲ್ಲ.

ಡೊಂಬಿವಲಿ ಕನ್ನಡತಿ:

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಮೇಣದ ಬಳ್ಳಿಯ ಮಾತನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ವೇಣುಗೋಪಾಲನ ವಿಷಯದಲ್ಲಿ ತಿಳಿದವರು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಕಸಬಾ ಪೇಠ್, ಪುಣೆ:

ಅಕ್ಕಾ, ನಮ್ಮ ಮನೆ ಇಲ್ಲಿನ ತಾಮ್ರಗಾರರ ಓಣಿಯಾದ ತಾಂಬಟ್ ಆಳಿಗೆ ಹತ್ತಿರ. ಅಲ್ಲಿಯವರದು ಎರಕವಲ್ಲ, ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿದು ರೂಪಿಸುವ ಕೆಲಸ. ಆದರೂ ದಿನವಿಡೀ ಆ ಸದ್ದು ಕೇಳಿ ಬೆಳೆದ ನನಗೆ ಈ ಲೋಹಗಳ ಮೇಲೆ ಅಕ್ಕರೆ. ನೇರವಾಗಿ ಹೇಳುತ್ತೇನೆ: ಆ ಕಪ್ಪು ಕೊಳೆಯಾಗಿರಲಿಲ್ಲ. ಗಾಳಿ, ಎಣ್ಣೆ, ದೀಪದ ಹೊಗೆ, ಮುಟ್ಟಿದ ಕೈಗಳು ಇವೆಲ್ಲ ಸೇರಿ ವರ್ಷಾನುಗಟ್ಟಲೆ ಕಟ್ಟಿದ ತೆಳು ಪದರ ಅದು, ಒಳಗಿನ ಲೋಹವನ್ನು ಕಾಯುವಂಥದ್ದು. ಅಂಗಡಿಯವರು ಬಹುಶಃ ಆ್ಯಸಿಡ್‌ನಲ್ಲಿ ಅದ್ದಿ, ತಿರುಗುವ ಪಾಲಿಶ್ ಚಕ್ರವಾದ ಮೋಟಾರಿನ ಬಫ್‌ಗೆ ಹಿಡಿದಿರುತ್ತಾರೆ. ಆಗ ಪದರದ ಜೊತೆಗೆ ಲೋಹವೂ ಸವೆಯುತ್ತದೆ, ಮೊದಲು ಸವೆಯುವುದು ಎತ್ತರದ ಜಾಗಗಳು: ಮೂಗು, ಬೆರಳು, ಕಣ್ಣಿನ ಅಂಚು. ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ತಿಕ್ಕುವುದೂ ನಿಧಾನವಾಗಿ ಇದನ್ನೇ ಮಾಡುತ್ತದೆ. ಹಬ್ಬಕ್ಕೆ ಬೆಳಗಲೇಬೇಕಾದರೆ ದೀಪ ಮತ್ತು ತಟ್ಟೆಗಳನ್ನು ಬೆಳಗಿ, ಮೂರ್ತಿಯನ್ನು ಬಿಟ್ಟುಬಿಡಿ.

ಹೋದ ಗೀರುಗಳು ಮರಳುವುದಿಲ್ಲ. ಯಾರಾದರೂ ಹೊಸದಾಗಿ ಕೆತ್ತಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಬಣ್ಣ ಮಾತ್ರ ತಾನಾಗಿ ಬರುತ್ತದೆ, ಅದಕ್ಕೆ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು, ಅಭಿಷೇಕವಾದ ದಿನ ನೀರು ಸಂದುಗಳಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಮುಂಬೈಯ ಗಾಳಿಯಲ್ಲಿ ಕಡಲಿನ ಉಪ್ಪಿದೆ. ಮಳೆಗಾಲದಲ್ಲಿ ಎಲ್ಲಾದರೂ ತಿಳಿಹಸಿರು ಪುಡಿ ಕಾಣಿಸಿಕೊಂಡು, ಒರೆಸಿದರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಅದು ಸಾಧಾರಣ ಕಿಲುಬಲ್ಲ. ಉಪ್ಪಿನ ಕ್ಲೋರೈಡು ತಾಮ್ರದೊಳಗೆ ಸೇರಿ, ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತಿದೆ ಎಂದು ಅರ್ಥ. ಆಗ ಮನೆಮದ್ದು ಬೇಡ, ಮ್ಯೂಸಿಯಂಗಳ ಸಂರಕ್ಷಣಾ ವಿಭಾಗದವರನ್ನೇ ಕೇಳಬೇಕು.

ಇನ್ನೊಂದು ವಿಷಯ. ಪಾಲಿಶ್ ಆದ ಮೇಲೆ ಹಳದಿಯಾಗಿ ಹೊಳೆಯಿತು ಎಂದಿದ್ದೀರಿ. ಅದು ಹೌದಾದರೆ ನಿಮ್ಮ ವೇಣುಗೋಪಾಲನಲ್ಲಿ ತವರಕ್ಕಿಂತ ಸತುವೇ ಹೆಚ್ಚಿರುವ ಸಂಭವವಿದೆ, ಅಂದರೆ ಅವನು ಹಿತ್ತಾಳೆಯವನು. ಇದರಿಂದ ಅವನ ಬೆಲೆ ಕಡಿಮೆಯಾಯಿತು ಎಂದು ತಿಳಿಯಬೇಡಿ. ಬೆನಿನ್ ಕಂಚುಗಳೆಂದು ಲೋಕವೆಲ್ಲ ಕರೆಯುವ ಆಫ್ರಿಕಾದ ಫಲಕಗಳಲ್ಲಿ ಬಹುಪಾಲು ಹಿತ್ತಾಳೆಯವು. ನಮ್ಮ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ದಾಯಿಮಾಬಾದ್‌ನಲ್ಲಿ 1974ರಲ್ಲಿ ಸಿಕ್ಕ ಆನೆ, ಎಮ್ಮೆ, ಘೇಂಡಾಮೃಗ, ಜೋಡೆತ್ತಿನ ರಥ ಇವುಗಳನ್ನೂ ಕಂಚು ಎನ್ನುತ್ತೇವೆ. ಪರೀಕ್ಷಿಸಿದಾಗ ಕಂಡದ್ದು ತಾಮ್ರ ಮತ್ತು ತುಸು ಆರ್ಸೆನಿಕ್. ಆ ರಥ 45 ಸೆಂಟಿಮೀಟರ್ ಉದ್ದವಿದ್ದು, ಅದನ್ನು ನಡೆಸುವವನು ನಿಂತೇ ಇದ್ದಾನೆ. ಖಚಿತವಾಗಿ ತಿಳಿಯಬೇಕೆಂದಿದ್ದರೆ ಎಕ್ಸ್-ರೇ ಬಿಟ್ಟು ಲೋಹದ ಪಾಲನ್ನು ಓದುವ ಯಂತ್ರದಿಂದ ಮೂರ್ತಿಗೆ ಗೀರು ಬೀಳದಂತೆ ನೋಡಬಹುದು. ಉಜ್ಜಿ, ಕೆರೆದು ಪರೀಕ್ಷಿಸುತ್ತೇವೆ ಎನ್ನುವವರ ಕೈಗೆ ಮಾತ್ರ ಕೊಡಬೇಡಿ.

ಡೊಂಬಿವಲಿ ಕನ್ನಡತಿ:

ಓದಿ ಮನಸ್ಸು ಹಗುರವಾಯಿತು. ಹಿತ್ತಾಳೆಯವನಾದರೂ ಅಜ್ಜಿಯ ಕೈ ಆಡಿದ ಮೂರ್ತಿ ಅದು. ಅಡುಗೆಮನೆಯ ಹಬೆ ತಾಗುವ ಗೂಡಿನಿಂದ ತೆಗೆದು ಇವತ್ತೇ ಹಾಲ್‌ನ ಒಣ ಕಪಾಟಿನಲ್ಲಿ ಇಟ್ಟಿದ್ದೇನೆ. ಚಿಕ್ಕಮ್ಮ ಊರಿಗೆ ಹೊರಡುವ ಮೊದಲು ಇನ್ನೊಮ್ಮೆ ಮ್ಯೂಸಿಯಂಗೆ ಹೋಗೋಣ ಎನ್ನುತ್ತಿದ್ದಾರೆ, ಬಳ್ಳಿಯನ್ನು ನೋಡಲು.